ಅಗ್ಗದ ಬಿಯರಿಗೆ ಎಷ್ಟು ಅಂಕ?

ಕನ್ನಡದಲ್ಲಿ ಬಿಯರಿನ ರುಚಿ ಬಗ್ಗೆ ಬರೆಯೋಕೆ ಕೂತರೆ ಮೊದಲು ಎದುರಾಗೋ ತೊಂದರೆ ಪದಗಳದ್ದು. ಕಾಫಿಗೆ ನಮ್ಮಲ್ಲಿ ಬೇಕಾದಷ್ಟು ಮಾತಿದೆ. ಸ್ಟ್ರಾಂಗು, ಲೈಟು, ಕಷಾಯದ ಥರ, ಕಲಗಚ್ಚಿನ ಥರ... ಸಾರಿಗೆ ಉಪ್ಪು ಮುಂದು, ಹುಳಿ ಹಿಂದು ಅಂತ ಗಂಟೆಗಟ್ಟಲೆ ಮಾತಾಡ್ತೀವಿ. ಆದ್ರೆ ಹೆಂಡದ ವಿಷಯಕ್ಕೆ ಬಂದರೆ "ಕುಡೀತಾನೆ", "ಕುಡಿಯಲ್ಲ" ಅನ್ನೋ ಎರಡೇ ಮಾತು. ಏನು ಕುಡೀತಾನೆ, ಎಷ್ಟು ಕುಡೀತಾನೆ, ಅದು ಹೇಗಿರುತ್ತೆ ಅಂತ ಯಾರೂ ಕೇಳಲ್ಲ. ಅದ್ರಲ್ಲೂ "ಅಗ್ಗದ್ದು" ಅಂದುಬಿಟ್ರೆ ಮುಗೀತು, ಕಣ್ಣ ಮುಂದೆ ಬರೋದು ಸಾರಾಯಿ ಅಂಗಡಿ ಒಂದೇ.

ಅಮ್ಮ ಈಗ ಮೊಬೈಲಿನಲ್ಲಿ ಎಲ್ಲಾ ಓದ್ತಾಳೆ, ಆದ್ದರಿಂದ ಮೊದಲೇ ಹೇಳಿಬಿಡ್ತೀನಿ. ಅಮ್ಮಾ, ಆರು ಲೋಟ, ಒಂದೊಂದರಲ್ಲೂ ಎರಡೆರಡು ಗುಟುಕು, ಅಷ್ಟೇ. ಲೆಕ್ಕ ಬರೆದದ್ದು ನಿನ್ನ ಸೊಸೆ :-)

ನಾವಿರೋದು ವಿಸ್ಕಾನ್ಸಿನ್ನಿನ ಮಿಲ್ವಾಕೀಯಲ್ಲಿ. ಅಮೆರಿಕದ ಬಿಯರಿಗೆ ಈ ಊರು ತವರುಮನೆ ಇದ್ದ ಹಾಗೆ. 1840ರ ದಶಕದಿಂದ ಗುಂಪು ಗುಂಪಾಗಿ ಬಂದ ಜರ್ಮನರು ತಮ್ಮ ಜೊತೆ ಲಾಗರ್ ಬಿಯರ್ ಮಾಡೋ ವಿದ್ಯೆಯನ್ನೂ ತಂದ್ರು. ಪ್ಯಾಬ್ಸ್ಟ್, ಷ್ಲಿಟ್ಜ್, ಬ್ಲಾಟ್ಜ್, ಮಿಲ್ಲರ್ ಅಂತ ನಾಲ್ಕು ದೊಡ್ಡ ಮನೆತನಗಳು ಇಲ್ಲೇ ಬೆಳೆದವು. ಷ್ಲಿಟ್ಜ್‌ನ ಇಲ್ಲಿನ ಬ್ರೂವರಿ 1981ರಲ್ಲಿ ಮುಚ್ಚಿತು, ಪ್ಯಾಬ್ಸ್ಟ್‌ನದು 1996ರಲ್ಲಿ. 1855ರಲ್ಲಿ ಫ್ರೆಡರಿಕ್ ಮಿಲ್ಲರ್ ಕೊಂಡುಕೊಂಡ ಜಾಗದಲ್ಲಿ ಮಾತ್ರ ಇನ್ನೂ ಬಿಯರ್ ಕುದೀತಾ ಇದೆ.

ಇಲ್ಲಿ ಅಂಗಡಿಗೆ ಹೋದರೆ ಒಂದು ಕಡೆ ಚಿತ್ತಾರದ ಕ್ಯಾನುಗಳಲ್ಲಿ ಸಣ್ಣ ಬ್ರೂವರಿಗಳ ದುಬಾರಿ ಬಿಯರು. ಇನ್ನೊಂದು ಕಡೆ ನೆಲದ ಮೇಲೆ ಗೋಡೆ ಕಟ್ಟಿದ ಹಾಗೆ ಪೇರಿಸಿಟ್ಟ ಮೂವತ್ತು ಕ್ಯಾನಿನ ಡಬ್ಬಗಳು, ಲೆಕ್ಕ ಹಾಕಿದರೆ ಕ್ಯಾನಿಗೆ ಒಂದು ಡಾಲರಿನ ಆಚೀಚೆ. ಸಾಫ್ಟ್‌ವೇರಿನ ನಮ್ಮಂಥೋರು ಮೊದಲನೇ ಕಡೆ ನಿಂತು ಲೇಬಲ್ ಓದ್ತೀವಿ. ಪೈಂಟ್ ಮೆತ್ತಿದ ಪ್ಯಾಂಟಿನೋರು, ಕಾಲೇಜು ಹುಡುಗರು, ನಿವೃತ್ತರಾದ ಮುದುಕರು ಸೀದಾ ಎರಡನೇ ಕಡೆ ಹೋಗ್ತಾರೆ. ಯಾರೂ ಲೇಬಲ್ ಓದಲ್ಲ.

ನಮ್ಮ ಪಕ್ಕದ್ಮನೆ ತಾತ ಎರಡನೇ ಕಡೆಯವರು. ಎಪ್ಪತ್ತೆಂಟು ವರ್ಷ. ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ಮೂವತ್ತು ವರ್ಷ ನಿಂತವರು. ನಲವತ್ತು ವರ್ಷದಿಂದ ಅವರದ್ದು ಮಿಲ್ಲರ್ ಹೈ ಲೈಫ್ ಒಂದೇ. ಬೇಲಿಯಾಚೆ ನಿಂತು ಹುಬ್ಬಳ್ಳಿ ಗೆಳೆಯನೂ ನಾನೂ ಬಿಯರ್ ವಾದ ಮಾಡೋದನ್ನ ಕೇಳಿಸಿಕೊಂಡು, "ಎಲ್ಲ ಅಗ್ಗದ ಬಿಯರೂ ಒಂದೇ ಥರ ಅಂತೀರಲ್ಲ, ಕಣ್ಣು ಮುಚ್ಚಿ ಕುಡಿದು ಹೇಳಿ ನೋಡೋಣ" ಅಂದ್ರು. ಹಾಗೆ ಶುರುವಾಯ್ತು ನೋಡಿ ಇದು.

ಮಾಡೋದಾದ್ರೆ ಸರಿಯಾಗಿ ಮಾಡೋಣ ಅಂತ ಬಿ.ಜೆ.ಸಿ.ಪಿ.ಯ ಅಂಕಪಟ್ಟಿ ತಂದೆ. 1985ರಿಂದ ಬಿಯರ್ ತೀರ್ಪುಗಾರರನ್ನ ತಯಾರು ಮಾಡ್ತಾ ಇರೋ ಸಂಸ್ಥೆ ಅದು. ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರೋ ರೀತಿಗೆ 5, ಒಟ್ಟಾರೆ 10. ಇದರಲ್ಲಿ ನನಗೆ ಹಿಡಿಸಿದ ಒಂದು ನಿಯಮ ಇದೆ. ಬಿಯರನ್ನ ಅದರ ಜಾತಿಯ ಒಳಗೇ ಅಳೀಬೇಕು. ನೀರುದೋಸೆ ತಿಂದು "ಮಸಾಲೆದೋಸೆ ಥರ ಗರಿಗರಿ ಇಲ್ಲ" ಅಂತ ಅಂಕ ಕಳೆಯೋ ಹಾಗಿಲ್ಲ. ಅಮೆರಿಕನ್ ಲಾಗರ್ ಅನ್ನೋ ಜಾತಿಗೆ ಕಹಿಯ ಅಳತೆ 8ರಿಂದ 18 ಐ.ಬಿ.ಯು. ಮಾತ್ರ. ನಮ್ಮ ಹುಬ್ಬಳ್ಳಿ ಗೆಳೆಯ ಮೆಚ್ಚೋ ಐ.ಪಿ.ಎ.ಗೆ 40ರಿಂದ 70. ಅಂದ್ರೆ ಇಲ್ಲಿ ಸಪ್ಪೆ ಅನ್ನೋದು ದೋಷ ಅಲ್ಲ, ಗುರಿ.

ಆ ಸಪ್ಪೆ ಬಂದದ್ದು ಹೇಗೆ ಅನ್ನೋದೂ ಒಂದು ಕಥೆ. ಅಮೆರಿಕದಲ್ಲಿ ಆಗ ಧಾರಾಳವಾಗಿ ಬೆಳೀತಿದ್ದ ಆರು ಸಾಲಿನ ಬಾರ್ಲಿಯಲ್ಲಿ ಪ್ರೋಟೀನು ಜಾಸ್ತಿ. ಅದೊಂದರಲ್ಲೇ ಮಾಡಿದ್ರೆ ಬಿಯರು ಮಂಕಾಗಿ, ಭಾರವಾಗಿ ಇರ್ತಿತ್ತು. ಆದ್ರೆ ಅದೇ ಬಾರ್ಲಿಯಲ್ಲಿ ಪಿಷ್ಟವನ್ನ ಸಕ್ಕರೆ ಮಾಡೋ ಕಿಣ್ವಗಳೂ ಜಾಸ್ತಿ. ಹಾಗಾಗಿ ಮೆಕ್ಕೆಜೋಳವನ್ನೋ ಅಕ್ಕಿಯನ್ನೋ ಸೇರಿಸಿದರೂ ಅದು ಅರಗಿಸಿಕೊಳ್ಳುತ್ತೆ. ಸೇಂಟ್ ಲೂಯಿಸ್‌ನಲ್ಲಿ ಅಡಾಲ್ಫಸ್ ಬುಷ್ 1876ರಲ್ಲಿ ಶುರು ಮಾಡಿದ ಬಡ್‌ವೈಸರ್‌ಗೆ ಅಕ್ಕಿ, ಮಿಲ್ವಾಕೀಯ ಕಡೆ ಮೆಕ್ಕೆಜೋಳ. ಇದನ್ನ ಕಲಬೆರಕೆ ಅಂತ ಆಡಿಕೊಳ್ಳೋರು ಬಹಳ ಜನ. ಉದ್ದಿಗೆ ಅಕ್ಕಿ ಬೆರೆಸಿ ಇಡ್ಲಿ ಮಾಡೋ ನಾವು ಹಾಗೆ ಅನ್ನಬಾರದು ಅಂತ ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಸಪ್ಪೆ ಮಾಡೋದು ಸುಲಭ ಅಲ್ಲ. ಹತ್ತು ಡಿಗ್ರಿ ಆಸುಪಾಸಿನಲ್ಲಿ ಹುದುಗಿಸಿ, ಆಮೇಲೆ ಸೊನ್ನೆಯ ಹತ್ತಿರ ಇಟ್ಟು ಕಾಯಬೇಕು. ಸ್ವಲ್ಪ ಅವಸರ ಮಾಡಿದ್ರೂ ಬೆಣ್ಣೆ ವಾಸನೆ, ಹಸಿ ಸೇಬಿನ ವಾಸನೆ, ಬೆಂದ ಜೋಳದ ವಾಸನೆ. ಐ.ಪಿ.ಎ.ಯಲ್ಲಾದ್ರೆ ಹಾಪ್ಸ್ ಹಾಕಿ ಮುಚ್ಚಬಹುದು, ಬಿಸಿಬೇಳೆಬಾತಲ್ಲಿ ಒಂದು ಚಿಟಿಕೆ ಹೆಚ್ಚು ಕಮ್ಮಿ ಆದ್ರೂ ನಡೆಯುತ್ತಲ್ಲ, ಹಾಗೆ. ಇದು ಬರೀ ಅನ್ನ. ಸೀದರೆ ಮುಚ್ಚೋಕೆ ಏನೂ ಇಲ್ಲ. ಷ್ಲಿಟ್ಜ್‌ನವರು 1970ರ ದಶಕದಲ್ಲಿ ಖರ್ಚು ಉಳಿಸೋಕೆ ಹುದುಗಿಸೋ ದಿನ ಕಡಿಮೆ ಮಾಡಿದ್ರು, ಸಾಮಗ್ರಿ ಬದಲಾಯಿಸಿದ್ರು. 1976ರಲ್ಲಿ ಬಿಯರಲ್ಲಿ ಚೂರು ಚೂರು ತೇಲೋಕೆ ಶುರುವಾಗಿ ಲಕ್ಷಗಟ್ಟಲೆ ಬಾಟಲಿ ವಾಪಸ್ ತರಿಸಬೇಕಾಯ್ತು. ಒಂದು ಕಾಲಕ್ಕೆ ದೇಶಕ್ಕೇ ಮೊದಲಿದ್ದ ಕಂಪನಿ 1982ರ ಹೊತ್ತಿಗೆ ಬೇರೆಯವರ ಪಾಲಾಯ್ತು. ಅಗ್ಗದ್ದು ಕುಡಿಯೋನಿಗೆ ನಾಲಿಗೆ ಇಲ್ಲ ಅನ್ನೋ ಮಾತು ಸುಳ್ಳು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸರಿ, ಪರೀಕ್ಷೆಗೆ ಬರೋಣ. ಒಂದು ಶನಿವಾರ, ತಾತನ ಗ್ಯಾರೇಜು. ಆರು ಬಗೆ: ಬಡ್‌ವೈಸರ್, ಮಿಲ್ಲರ್ ಹೈ ಲೈಫ್, ಕೂರ್ಸ್ ಬ್ಯಾಂಕ್ವೆಟ್, ಪ್ಯಾಬ್ಸ್ಟ್ ಬ್ಲೂ ರಿಬ್ಬನ್, ಹ್ಯಾಮ್ಸ್, ಬುಷ್ ಲೈಟ್. ನನ್ನವಳು ಕುಡಿಯಲ್ಲ, ಹಾಗಾಗಿ ಅವಳೇ ಪರೀಕ್ಷಾಧಿಕಾರಿ. ಅಡುಗೆಮನೆಯಲ್ಲಿ ಲೋಟಗಳಿಗೆ ನಂಬರ್ ಅಂಟಿಸಿ, ಸುರಿದು ತಂದಳು. ಹುಬ್ಬಳ್ಳಿ ಗೆಳೆಯ ಚುರುಮರಿ ತಂದಿದ್ದ. "ರೀ, ಖಾರ ತಿಂದ್ರೆ ನಾಲಿಗೆ ಕೆಡುತ್ತೆ, ಅವರಿಗೂ ಹೇಳಿ" ಅಂತ ಅದನ್ನ ಕಿತ್ತುಕೊಂಡು ಉಪ್ಪಿಲ್ಲದ ಬಿಸ್ಕತ್ತು ಇಟ್ಟಳು. ಅವನಿಗೆ ಇದಕ್ಕಿಂತ ದೊಡ್ಡ ಅವಮಾನ ಆಗಿರಲಿಕ್ಕಿಲ್ಲ.

ಇಲ್ಲೇ ಪದಗಳ ಕಷ್ಟ ಬಂದದ್ದು, ಇಲ್ಲೇ ಅದು ತೀರಿದ್ದು ಕೂಡ. ಅಂಕಪಟ್ಟಿಯ ಇಂಗ್ಲಿಷ್ ಪದಗಳನ್ನ ಬಿಟ್ಟು ಅಡುಗೆಮನೆಯ ಮಾತಿಗೆ ಇಳಿದ ಕೂಡಲೇ ಎಲ್ಲ ಸಲೀಸಾಯ್ತು. ಒಂದನೇ ಲೋಟ ಮೂಸಿ ಗೆಳೆಯ, "ಗೊಂಜಾಳ ಕುದಿಸಿದ ನೀರು ಇದ್ದಂಗ ಐತಿ ನೋಡಪಾ" ಅಂದ. ಅದು ಪ್ಯಾಬ್ಸ್ಟ್. ಎರಡನೇದು ನನಗೆ ಗಂಜಿ ತಿಳಿ, ಬಾಯಲ್ಲಿ ಇಟ್ಟರೆ ಗರಿಗರಿ, ಕೊನೆಗೆ ಸ್ವಲ್ಪ ಹಸಿ ಸೇಬು. ಬಡ್‌ವೈಸರ್. ಮೂರನೇದು ಹ್ಯಾಮ್ಸ್, ಹೊಸ ಬ್ರೆಡ್ಡಿನ ಅಂಚು, ತೆಳ್ಳಗಿನ ಸಿಹಿ. ನಾಲ್ಕನೇದರಲ್ಲಿ ಬಾಳೆಹಣ್ಣಿನ ಸುಳಿವು, ಅದು ಕೂರ್ಸ್. ಐದನೇದು ಸೋಡಾ ಥರ ಚುರುಗುಟ್ಟೋ ಹೈ ಲೈಫ್. 1903ರಲ್ಲಿ ಬಂದ ಅದಕ್ಕೆ ಶಾಂಪೇನಿನ ಹೋಲಿಕೆ ಕೊಟ್ಟು ಮಾರೋದು ಈ ಗುಳ್ಳೆಗಳ ಧೈರ್ಯದ ಮೇಲೆ ಇರಬೇಕು. ಆರನೇದು ಬುಷ್ ಲೈಟ್, ಅದರ ಮುಂದೆ ನನ್ನವಳು ಬರಕೊಂಡದ್ದು "ಮೂವರೂ ಸುಮ್ಮನಿದ್ದಾರೆ" ಅಂತ.

ಮೂವರ ಅಂಕ ಕೂಡಿಸಿ ಮೂರರಿಂದ ಭಾಗಿಸಿದಾಗ ಬಂದದ್ದು ಹೀಗೆ:

ಹ್ಯಾಮ್ಸ್ – 33
ಕೂರ್ಸ್ ಬ್ಯಾಂಕ್ವೆಟ್ – 32
ಬಡ್‌ವೈಸರ್ – 31
ಪ್ಯಾಬ್ಸ್ಟ್ ಬ್ಲೂ ರಿಬ್ಬನ್ – 30
ಮಿಲ್ಲರ್ ಹೈ ಲೈಫ್ – 29
ಬುಷ್ ಲೈಟ್ – 26

ಹೆಸರು ಬಯಲು ಮಾಡಿದಾಗ ಮಜಾ. ಮೂರನೇ ಲೋಟ ನೋಡಿ "ಇದು ತುಟ್ಟಿದ್ದು, ವೈನಿ ನಮ್ಮನ್ನ ಬಲೀಗೆ ಕೆಡವಾಕ ನಡುವ ಇಟ್ಟಾರ" ಅಂದಿದ್ದ ಗೆಳೆಯನಿಗೆ ಅದು ಹ್ಯಾಮ್ಸ್, ನಮ್ಮ ರಸೀತಿಯಲ್ಲಿ ಆರರಲ್ಲೂ ಅತಿ ಅಗ್ಗದ್ದು ಅಂತ ಗೊತ್ತಾಯ್ತು. 1865ರಲ್ಲಿ ಪಕ್ಕದ ಮಿನೆಸೋಟಾದ ಸೇಂಟ್ ಪಾಲ್‌ನಲ್ಲಿ ಹುಟ್ಟಿದ ಬಿಯರು. ಬಡ್‌ವೈಸರ್‌ಗೆ ಮೂರನೇ ಜಾಗ ಅಂದ ಕೂಡಲೇ ಅವನ ಮುಖ ಇನ್ನೂ ಸಣ್ಣದಾಯ್ತು. ಬೆಂಗಳೂರಲ್ಲಿ ಮೊದಲ ಕೆಲಸ ಸಿಕ್ಕಾಗ ಕಿಂಗ್‌ಫಿಷರ್‌ಗಿಂತ ಹೆಚ್ಚು ದುಡ್ಡು ಕೊಟ್ಟು ಗೆಳೆಯರಿಗೆಲ್ಲ ಬಡ್‌ವೈಸರ್ ಕುಡಿಸಿದ್ದನಂತೆ. ಅಲ್ಲಿ ದೊಡ್ಡೋರ ಬಿಯರು, ಇಲ್ಲಿ ಲಾರಿ ಡ್ರೈವರನ ಬಿಯರು. ಕ್ಯಾನಿನ ಒಳಗೆ ಇರೋದಕ್ಕಿಂತ ಕ್ಯಾನು ಯಾವ ಊರಲ್ಲಿ ಇದೆ ಅನ್ನೋದೇ ಮುಖ್ಯ ಆಗಿಬಿಡುತ್ತೆ ಒಮ್ಮೊಮ್ಮೆ.

ಕೂರ್ಸ್‌ದೂ ಇದೇ ಕಥೆ. 1873ರಲ್ಲಿ ಕೊಲರಾಡೋದ ಗೋಲ್ಡನ್ ಅನ್ನೋ ಊರಲ್ಲಿ ಶುರುವಾದ ಅದು 1981ರವರೆಗೆ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಮಾರಾಟಕ್ಕೇ ಬಂದಿರಲಿಲ್ಲ. ಸಿಗದ್ದರಿಂದಲೇ ಅದಕ್ಕೆ ಎಲ್ಲಿಲ್ಲದ ಮರ್ಯಾದೆ. ಟೆಕ್ಸಾಸ್ ಗಡಿಯಿಂದ ಅಟ್ಲಾಂಟಾಕ್ಕೆ ಕದ್ದು ಒಂದು ಲಾರಿ ಕೂರ್ಸ್ ಸಾಗಿಸೋದೇ 1977ರ "ಸ್ಮೋಕಿ ಅಂಡ್ ದಿ ಬ್ಯಾಂಡಿಟ್" ಸಿನಿಮಾದ ಕಥೆ. ಈಗ ಎಲ್ಲಾ ಕಡೆ ಸಿಗುತ್ತೆ, ಹಾಗಾಗಿ ಯಾರೂ ಅದರ ಮೇಲೆ ಸಿನಿಮಾ ಮಾಡಲ್ಲ.

ಇದನ್ನ ಪರೀಕ್ಷೆ ಮಾಡಿ ತೋರಿಸಿದೋರೂ ಇದ್ದಾರೆ. ಆಲಿಸನ್ ಮತ್ತು ಊಲ್ ಅನ್ನೋ ಇಬ್ಬರು 1964ರಲ್ಲಿ ಪ್ರಕಟಿಸಿದ ಅಧ್ಯಯನ ಮಾರ್ಕೆಟಿಂಗ್ ಓದಿದೋರಿಗೆ ಗೊತ್ತಿರುತ್ತೆ. ಬಿಯರ್ ಕುಡಿಯೋರಿಗೆ ಮೊದಲು ಲೇಬಲ್ ಕಿತ್ತ ಬಾಟಲಿ ಕೊಟ್ಟರು. ತಮ್ಮ ಬ್ರಾಂಡು ಯಾವುದು ಅಂತ ಹೆಚ್ಚಿನವರಿಗೆ ಗೊತ್ತಾಗಲಿಲ್ಲ. ಆಮೇಲೆ ಲೇಬಲ್ ಇರೋ ಬಾಟಲಿ ಕೊಟ್ಟರು. ಪ್ರತಿಯೊಬ್ಬರ ಬ್ರಾಂಡಿಗೂ ಅಂಕ ಏರಿತು.

ನಮ್ಮ ತಾತನೂ ಹಾಗೇ. ನಲವತ್ತು ವರ್ಷ ಕುಡಿದ ಹೈ ಲೈಫಿಗೆ ಅವರೇ ಐದನೇ ಜಾಗ ಕೊಟ್ಟಿದ್ದರು. ಮೊದಲನೇ ಜಾಗ ಹ್ಯಾಮ್ಸ್‌ಗೆ. ಹ್ಯಾಮ್ಸ್ ಕ್ಯಾನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ರು. ನಾವು ನಗೋಕೆ ಶುರು ಮಾಡಿದ್ವಿ, ಅವರೂ ನಕ್ಕರು.

"ಹಾಗಾದ್ರೆ ನಾಳೆಯಿಂದ ಇದನ್ನೇ ತರ್ತೀರಾ? ದುಡ್ಡೂ ಉಳಿಯುತ್ತೆ" ಅಂತ ಕೇಳಿದೆ.

"ಇಲ್ಲಪ್ಪ" ಅಂದ್ರು. "ಹೈ ಲೈಫ್ ಎಷ್ಟು ಕುಡಿದ್ರೆ ನಾನು ಹೇಗಾಗ್ತೀನಿ ಅಂತ ನನಗೆ ಗೊತ್ತಿದೆ. ಆ ಲೆಕ್ಕ ಕಲಿಯೋಕೆ ಬಹಳ ವರ್ಷ ಹಿಡೀತು. ನನ್ನ ಅಣ್ಣನಿಗೆ ಕೊನೆಗೂ ಆ ಲೆಕ್ಕ ಬರಲಿಲ್ಲ."

ಅಷ್ಟು ಹೇಳಿ ಸುಮ್ಮನಾದ್ರು. ನಾವೂ ಕೇಳಲಿಲ್ಲ.

ಅಂಕಪಟ್ಟಿಯ ಪ್ರಕಾರ ಇನ್ನೊಂದು ಕೆಲಸ ಬಾಕಿ ಇತ್ತು. ತಣ್ಣಗಿರೋವಾಗ ನಾಲಿಗೆ ಅರ್ಧ ಮರಗಟ್ಟಿರುತ್ತೆ, ದೋಷಗಳು ಕಾಣಲ್ಲ. ಅದಕ್ಕೇ ತೀರ್ಪುಗಾರರು ಬಿಯರು ಸ್ವಲ್ಪ ಬೆಚ್ಚಗಾದ ಮೇಲೆ ಇನ್ನೊಂದು ಸಲ ಮೂಸಿ, ರುಚಿ ನೋಡ್ತಾರೆ. ನಾವು ಅದೇ ಲೋಟಗಳನ್ನ ಮುಕ್ಕಾಲು ಗಂಟೆ ಹಾಗೇ ಬಿಟ್ಟು ಮತ್ತೆ ಕುಡಿದ್ವಿ. ಅಯ್ಯಪ್ಪಾ! ಗಂಜಿ ತಿಳಿ ಹಳಸಿದ ಗಂಜಿ ಆಗಿತ್ತು. ಗೊಂಜಾಳ ಎರಡು ದಿನದ ಹಿಂದಿನದು. ಯಾವುದೂ 24 ದಾಟಲಿಲ್ಲ, ಬುಷ್ ಲೈಟ್ 19ಕ್ಕೆ ಇಳೀತು.

ತಾತ ಈಗ ನಿಜವಾಗಿ ನಕ್ಕರು. "ಇದೇ ನನ್ನ ಬೀಗ" ಅಂದ್ರು. ದಿನಾ ಮಧ್ಯಾಹ್ನ ಎರಡೇ ಎರಡು ಕ್ಯಾನು ಫ್ರಿಜ್ಜಿಗೆ ಇಡ್ತಾರಂತೆ. ಉಳಿದ ಇಪ್ಪತ್ತೆಂಟು ನೆಲಮಾಳಿಗೆಯಲ್ಲಿ, ಫರ್ನೇಸಿನ ಪಕ್ಕ. ಗ್ಯಾರೇಜಲ್ಲಿ ಯಾಕೆ ಇಡಲ್ಲ ಅಂದ್ರೆ, ಮಿಲ್ವಾಕೀಯ ಚಳಿಗಾಲದಲ್ಲಿ ಗ್ಯಾರೇಜೇ ಫ್ರಿಜ್ಜು! ಸಂಜೆ ಎರಡು ಮುಗಿದ ಮೇಲೆ ಮೂರನೇದು ಬೇಕು ಅನ್ನಿಸಿದ್ರೆ ಬೆಚ್ಚಗಿನದೇ ಕುಡೀಬೇಕು. "ಬೆಚ್ಚಗಿನ ಹೈ ಲೈಫ್ ಕುಡಿಯೋಷ್ಟು ದುಃಖ ನನಗೆ ಇನ್ನೂ ಬಂದಿಲ್ಲ" ಅಂದ್ರು. ಹೆಂಡತಿ ತೀರಿಕೊಂಡು ಆರು ವರ್ಷ ಆಗಿದೆ ಅವರಿಗೆ.

ನನಗೆ ಆವತ್ತು ರಾತ್ರಿಯಿಡೀ ಇದೇ ಯೋಚನೆ. ಈ ಬಿಯರಿನ ದೊಡ್ಡ ಗುಣ ಅಂತ ಅಂಕಪಟ್ಟಿ ಹೇಳೋದು ಏನು? ನಾಲಿಗೆಯ ಮೇಲೆ ಏನೂ ಉಳಿಯಬಾರದು, ಒಂದು ಗುಟುಕು ಮುಗಿದ ಕೂಡಲೇ ಇನ್ನೊಂದಕ್ಕೆ ಬಾಯಿ ಸಿದ್ಧ ಇರಬೇಕು. ತುಪ್ಪದ ಹೋಳಿಗೆ ಎರಡು ತಿಂದ್ರೆ ಹೊಟ್ಟೆಗಿಂತ ಮುಂಚೆ ನಾಲಿಗೆ ಸಾಕು ಅನ್ನುತ್ತೆ. ಗೆಳೆಯನ ಐ.ಪಿ.ಎ. ಕೂಡ ಎರಡಕ್ಕೆ ಬಾಯಿ ಕಟ್ಟುತ್ತೆ. ಇದು ಮಾತ್ರ "ಸಾಕು" ಅನ್ನದ ಹಾಗೆ ನೂರೈವತ್ತು ವರ್ಷ ತಿದ್ದಿ ತಿದ್ದಿ ಮಾಡಿದ ಪಾನೀಯ. ಮೇಲೆ ಮೂವತ್ತರ ಡಬ್ಬ, ಮೇಲೆ ನೀರಿನ ಬೆಲೆ. ಮೊದಲನೇ ಗುಟುಕಿಗೆ 33 ಕೊಡಿಸಿದ ಗುಣವೇ ಹತ್ತನೇ ಕ್ಯಾನಿಗೂ ಕರೆದುಕೊಂಡು ಹೋಗೋದು. ಹತ್ತನೇ ಕ್ಯಾನಿಗೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ.

ಹಾಗಂತ ರುಚಿಯ ಮೇಲೆ ಪೂರ್ತಿ ತಪ್ಪು ಹೊರಿಸೋಣ ಅಂದ್ರೆ ನನ್ನ ಸೋದರಮಾವ ಅಡ್ಡ ಬರ್ತಾರೆ. ತಿಪಟೂರಿನ ಕಡೆ ಎರಡೆಕರೆ ತೆಂಗಿನ ತೋಟ ಇತ್ತು ಅವರಿಗೆ, ಒಂದೆಕರೆ ಸಾರಾಯಿ ಅಂಗಡಿಗೇ ಹೋಯ್ತು. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಮೂಲೆ ಹಲ್ಲಲ್ಲಿ ಕಚ್ಚಿ, ಮೂಗು ಹಿಡಿದು ಒಂದೇ ಸಲಕ್ಕೆ ಕುಡಿದು ಉಪ್ಪಿನಕಾಯಿ ನೆಕ್ಕೋರು. ಸಣ್ಣೋನಿದ್ದಾಗ "ಹೆಂಗಿರತ್ತೆ ಮಾವ ಅದು?" ಅಂತ ಕೇಳಿದ್ದೆ. "ಥೂ, ಹೊಲಸು ಕಣ್ಲಾ" ಅಂದಿದ್ರು. ಹೊಲಸು ಅಂತ ಗೊತ್ತಿದ್ದೂ ದಿನಾ ಕುಡಿದ್ರು. 2004ರಲ್ಲಿ ಹೋದ್ರು, ನಲವತ್ತಾರು ವರ್ಷ. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆದದ್ದು 2007ರ ಜುಲೈ 1ಕ್ಕೆ. ಆಮೇಲೆ ಅದೇ ಜಾಗಕ್ಕೆ ಟೆಟ್ರಾ ಪ್ಯಾಕಿನ ಅಗ್ಗದ ವಿಸ್ಕಿ ಬಂತು ಅನ್ನೋದು ನಿಮಗೆಲ್ಲ ಗೊತ್ತೇ ಇದೆ.

ಮನೆಯಲ್ಲಿ ಅವರ ಬಗ್ಗೆ ಇದ್ದದ್ದು ಆ ಎರಡೇ ಮಾತು. ಕುಡೀತಾನೆ, ಆಮೇಲೆ ಕುಡಿದು ಸತ್ತ. ಎಷ್ಟು, ಯಾವಾಗಿಂದ, ಯಾರ ಜೊತೆ, ಯಾವತ್ತು ಕುಡಿಯದೇ ಇದ್ದ ಅಂತ ಯಾರೂ ಕೇಳಿಲ್ಲ. ತಾತನಿಗೆ ಅವರ ಲೆಕ್ಕ ಹೇಳಿಕೊಳ್ಳೋಕೆ ಒಂದು ಭಾಷೆ ಇತ್ತು, ಗ್ಯಾರೇಜು ಇತ್ತು, ಕೇಳಿಸಿಕೊಂಡು ನಗೋಕೆ ನಾವಿದ್ವಿ. ಮಾವ ತೋಟದ ಪಂಪ್‌ಹೌಸ್ ಹಿಂದೆ ಒಬ್ಬರೇ ಕುಡೀತಿದ್ರು. ಅಷ್ಟರಿಂದಲೇ ಅವರು ಉಳೀತಿದ್ರು ಅಂತ ನಾನು ಹೇಳ್ತಾ ಇಲ್ಲ. ಕುಡಿತ ಬಿಡಿಸೋದು ಡಾಕ್ಟರ ಕೆಲಸ, ಬರಹದ ಕೆಲಸ ಅಲ್ಲ. ಆದ್ರೆ ಎರಡೇ ಮಾತಿರೋ ಕಡೆ ಮಧ್ಯದಲ್ಲಿ ನಿಲ್ಲೋಕೆ ಜಾಗ ಇರಲ್ಲ ಅನ್ನೋದು ಮಾತ್ರ ನಿಜ.

ಹುಬ್ಬಳ್ಳಿ ಗೆಳೆಯ ಈಗ ಒಮ್ಮೊಮ್ಮೆ ಹ್ಯಾಮ್ಸ್ ತರ್ತಾನೆ, ಕೇಳಿದ್ರೆ ಅತಿಥಿಗಳಿಗೆ ಅಂತಾನೆ. ಉಳಿದ ಬೆಚ್ಚಗಿನ ಬಿಯರನ್ನೆಲ್ಲ ನನ್ನವಳು ತಾತನ ಟೊಮೇಟೊ ಪಾತಿ ಪಕ್ಕ ಚಿಕ್ಕ ಬಟ್ಟಲುಗಳಲ್ಲಿ ಇಟ್ಟಳು, ಗಿಡ ತಿನ್ನೋ ಗೊಂಡೆಹುಳ ಅದಕ್ಕೆ ಬಂದು ಬೀಳ್ತವಂತೆ. ಬಿದ್ದವು ಕೂಡ. ಯಾವ ಬ್ರಾಂಡಿಗೆ ಹೆಚ್ಚು ಬಿದ್ದವು ಅಂತ ಲೆಕ್ಕ ಇಡೋಣ ಅಂದೆ. "ಸಾಕು ಒಳಗೆ ಬನ್ನಿ" ಅಂದಳು :-)

ನಿಮ್ಮ ಮನೆಯಲ್ಲಿ ಇದರ ಬಗ್ಗೆ ಎಷ್ಟು ಮಾತಿದೆ? ಎರಡೇನಾ, ಜಾಸ್ತಿನಾ? ತಿಳಿಸಿ.